ಹೆಬ್ಬೆಟ್ಟು ಒತ್ತುವ ಮುನ್ನ: ಮರೆವಿನ ಕಾಯಿಲೆಯ ಸಂಶೋಧನೆಯಲ್ಲಿ ಏನೇನು ನಡೆಯುತ್ತದೆ

"ನಮ್ಮವ್ವಗ ಅರಳು-ಮರಳು ಆಗೈತ್ರಿ" ಎಂದು ಹೇಳಿ ನಮ್ಮ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಮಂದಿ ಸುಮ್ಮನಾಗುತ್ತಾರೆ. ಈಗಷ್ಟೇ ಉಂಡೆದ್ದ ಅಜ್ಜಿ ಮತ್ತೆ ರೊಟ್ಟಿ ಕೇಳುತ್ತಾಳೆ, ಮದುವೆಯಾಗಿ ಬಂದಾಗಿನಿಂದ ನಡೆದಾಡಿದ ಹೊಲದ ದಾರಿ ತಪ್ಪುತ್ತಾಳೆ. ವಯಸ್ಸಾದ ಮೇಲೆ ಇದ್ದದ್ದೇ ಅಂದುಕೊಳ್ಳುತ್ತೇವೆ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ, ಇದು ಮಿದುಳಿಗೆ ಬರುವ ಕಾಯಿಲೆ. ಇದರಲ್ಲಿ ಹೆಚ್ಚಾಗಿ ಕಾಣುವುದು ಅಲ್ಝೈಮರ್. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಈ ಕಾಯಿಲೆಯಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ನಾಲ್ಕು ಸಾವಿರಕ್ಕೂ ಮಿಕ್ಕ ಹಿರಿಯರು ತಾಳ್ಮೆಯಿಂದ ಕೂತು ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದಕ್ಕೆ ಈ ಲೆಕ್ಕ ಸಿಕ್ಕಿತು.

ಇಂಥ ಸಂಶೋಧನೆಗೆ ನಮ್ಮ ಭಾಗದ ಹಿರಿಯರು ಯಾಕೆ ಬೇಕು? ಜ್ಞಾಪಕಶಕ್ತಿ ಅಳೆಯುವ, ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂದು ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಲು ಹೇಳುತ್ತಾರೆ, ಕಾಗದದ ಮೇಲಿನ ಚಿತ್ರ ನೋಡಿ ಬಿಡಿಸಲು ಹೇಳುತ್ತಾರೆ, ನೂರರಿಂದ ಏಳೇಳು ಕಳೆಯುತ್ತ ಬರಲು ಹೇಳುತ್ತಾರೆ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಸಾಕ್ಷರತೆ ಸುಮಾರು 68 ಪ್ರತಿಶತ. ಮುಪ್ಪಿನ ಹೆಣ್ಣುಮಕ್ಕಳಲ್ಲಿ ಪೆನ್ನು ಹಿಡಿಯದವರೇ ಬಹಳ. ಅವರು ಆ ಪರೀಕ್ಷೆಯಲ್ಲಿ ಸೋತರೆ ಅದಕ್ಕೆ ಕಾರಣ ಮರೆವೇ ಆಗಬೇಕೆಂದಿಲ್ಲ, ಶಾಲೆಗೆ ಹೋಗದಿದ್ದದ್ದೂ ಆಗಿರಬಹುದು. ಅದಕ್ಕೇ ಹರಿಯಾಣದ ಬಲ್ಲಭಗಢದಲ್ಲಿ ಅಕ್ಷರ ಬಾರದವರಿಗೆಂದು ಅದನ್ನೇ ತಿದ್ದಿ ಹಿಂದಿಯಲ್ಲಿ ಹೊಸದು ಮಾಡಿದರು: "ಕಣ್ಣು ಮುಚ್ಚಿ" ಎಂಬ ಬರಹ ಓದಿ ಹಾಗೆ ಮಾಡುವ ಬದಲು "ನಾನು ಮಾಡಿದಂತೆ ಮಾಡಿ" ಎಂದು ತೋರಿಸುವ ಪದ್ಧತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಆದರೂ ಬೆಂಗಳೂರಿನ ಕನ್ನಡ ನಮ್ಮ ಅಜ್ಜಿಗೆ ಎಷ್ಟು ಹತ್ತುತ್ತದೆ? "ಇಂದು ಯಾವ ತಾರೀಖು" ಎಂದರೆ ಅವಳಿಗೆ ತೋಚದಿರಬಹುದು. "ಗವಿಮಠದ ಜಾತ್ರಿ ಆಗಿ ಎಷ್ಟು ದಿನ ಆತಬೇ" ಎಂದು ಕೇಳಿ ನೋಡಿ. ಇಂಥ ಪ್ರಶ್ನೆ ಪರೀಕ್ಷೆಯೊಳಗೆ ಸೇರಬೇಕಾದರೆ ಇಂಥ ಅಜ್ಜಿಯರೇ ಎದುರಿಗೆ ಕೂರಬೇಕು.

ಇದು ನಡೆಯುವ ಕೆಲಸ ಎಂಬುದಕ್ಕೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಸಾಕ್ಷಿ. ಅಲ್ಲಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಅಧ್ಯಯನ ನಡೆಸುತ್ತಿದೆ. 45 ದಾಟಿದ ಹತ್ತು ಸಾವಿರ ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುವುದು ಅದರ ಗುರಿ. ಸೇರುವವರು ರೋಗಿಗಳಲ್ಲ, ಹೊಲಮನೆ ಮಾಡಿಕೊಂಡಿರುವ ಗಟ್ಟಿಮುಟ್ಟು ಮಂದಿ. ಯಾರಿಗೆ ಮರೆವು ಬರುತ್ತದೆ, ಯಾರಿಗೆ ಬರುವುದಿಲ್ಲ, ಬಿಪಿ, ಶುಗರ್, ಕಿವಿಮಂದ ಇವುಗಳ ಪಾಲೆಷ್ಟು ಎಂದು ತಿಳಿಯಬೇಕಾದರೆ ಕಾಯಿಲೆ ಬರುವ ಮೊದಲಿನಿಂದಲೇ ನೋಡುತ್ತ ಬರಬೇಕಲ್ಲ.

ಅಂಥ ತಂಡ ನಿಮ್ಮೂರಿಗೂ ಬಂದರೆ ಮೊದಲು ಕೈಗೆ ಬರುವುದು ಒಪ್ಪಿಗೆ ಪತ್ರ. ಇಲ್ಲೇ ಜನ ಹಿಂಜರಿಯುವುದು, ಆ ಹಿಂಜರಿಕೆ ಸರಿಯೇ. ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆಯನ್ನು ನಾವೆಲ್ಲ ಕೇಳಿ ಬೆಳೆದವರು. ಹಾಗಾಗಿ ನಿಯಮ ತಿಳಿದಿರಲಿ. ಓದಲು ಬಾರದವರಿಗೆ ಪತ್ರವನ್ನು ಪೂರ್ತಿ ಓದಿ ಹೇಳಬೇಕು. ಸಂಶೋಧನೆಗೆ ಸಂಬಂಧವಿಲ್ಲದ, ಓದುಬರಹ ಬಲ್ಲ ಒಬ್ಬ ಸಾಕ್ಷಿ ಆರಂಭದಿಂದ ಕೊನೆವರೆಗೆ ಪಕ್ಕದಲ್ಲಿದ್ದು ಸಹಿ ಹಾಕಬೇಕು. ಕಾಲೇಜು ಓದಿದ ನೆರೆಮನೆಯ ಮಗಳಿದ್ದರೆ ಕರೆಯಿರಿ. ಪತ್ರದ ಒಂದು ಪ್ರತಿ ನಿಮ್ಮ ಮನೆಯಲ್ಲಿ ಉಳಿಯಬೇಕು. ಪ್ರತಿ ಸಂಶೋಧನೆಗೂ ನೈತಿಕ ಸಮಿತಿಯ ಅನುಮತಿ ಬೇಕು, ಆ ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯರೊಬ್ಬರೂ ಕಾನೂನು ಬಲ್ಲವರೊಬ್ಬರೂ ಇರಲೇಬೇಕು. ಸಮಿತಿಯ ಫೋನ್ ನಂಬರು ಪತ್ರದಲ್ಲೇ ಇರುತ್ತದೆ. ನಂಬಿಕೆ ಬಾರದಿದ್ದರೆ ಫೋನ್ ಮಾಡಿ ವಿಚಾರಿಸಿ. ಪಹಣಿ, ಎಟಿಎಂ ಪಿನ್ ಕೇಳುವವರು, ಸೇರಲು ದುಡ್ಡು ಕಟ್ಟಿ ಎನ್ನುವವರು ಸಂಶೋಧಕರಲ್ಲ. ಅವರನ್ನು ಬಾಗಿಲಲ್ಲೇ ಕಳಿಸಿಬಿಡಿ.

ಆಮೇಲೆ ಪ್ರಶ್ನೆಗಳು: ಹತ್ತು ಶಬ್ದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳುವುದು, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತವೆ ಎಂದು ಎಣಿಸುವುದು. ಇದರಲ್ಲಿ ಪಾಸು-ಫೇಲು ಇಲ್ಲ. ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡಬೇಡಿ, ಅದರಿಂದ ಇಡೀ ಪರೀಕ್ಷೆಯೇ ಹಾಳಾಗುತ್ತದೆ. ಮನೆಯವರನ್ನೂ ಬೇರೆಯಾಗಿ ಕೇಳುತ್ತಾರೆ. ಆಸ್ಪತ್ರೆಗೆ ಕರೆದೊಯ್ಯುವವನು ಮಗ, ಆದರೆ ಅಜ್ಜಿ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದ್ದು ಗೊತ್ತಿರುವುದು ಸೊಸೆಗೆ. ಸೊಸೆಯನ್ನು ಕಳಿಸಿ.

ರಕ್ತ ತೆಗೆಯುವುದು ಕೆಲವು ಚಮಚದಷ್ಟು. ಮಿದುಳಿನ ಚಿತ್ರ ತೆಗೆಯುವ ಎಂಆರ್‌ಐ ಯಂತ್ರದಲ್ಲಿ ಎಕ್ಸ್‌ರೇ ಕಿರಣಗಳಿಲ್ಲ. ಅದು ದೊಡ್ಡ ಅಯಸ್ಕಾಂತ, ಜೋರು ಸದ್ದು ಮಾಡುತ್ತದೆ, ಅಲುಗಾಡದೆ ಮಲಗಬೇಕು. ಲೋಹದ್ದೆಲ್ಲ ತೆಗೆದಿಡಬೇಕು, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು. ಮುತ್ತೈದೆಯರಿಗೆ ತಾಳಿ, ಕಾಲುಂಗುರ ಬಿಚ್ಚುವುದೇ ದೊಡ್ಡ ಸಂಕಟ. ತಾಳಿಯ ಬದಲು ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡು ಒಳಗೆ ಹೋಗಬಹುದು. ಹಿಂದಿನ ದಿನವೇ ಮನೆಯಲ್ಲಿ ಮಾತಾಡಿಕೊಂಡು ಹೋದರೆ ಬಾಗಿಲಲ್ಲಿ ಕಣ್ಣೀರು ಬರುವುದಿಲ್ಲ. ಬಿಪಿ, ಶುಗರ್, ಬಿ12, ಥೈರಾಯ್ಡ್ ವರದಿ ನಮಗೆ ಕೊಡುತ್ತೀರಾ ಎಂದು ಕೇಳಲು ಸಂಕೋಚ ಬೇಡ. ಬಿ12 ಮತ್ತು ಥೈರಾಯ್ಡ್ ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ.

ಹೊಸ ಔಷಧಿಯ ಪ್ರಯೋಗ ಬೇರೆ. ಅಲ್ಲಿ ಸಾಮಾನ್ಯವಾಗಿ ಕೆಲವರಿಗೆ ಔಷಧಿ, ಕೆಲವರಿಗೆ ಅದರಂತೆಯೇ ಕಾಣುವ ಹುಸಿ ಔಷಧಿ ಸಿಗುತ್ತದೆ, ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿರುವುದಿಲ್ಲ. ತೊಂದರೆಯ ಸಾಧ್ಯತೆ ಹೆಚ್ಚು, ಆದ್ದರಿಂದ ಪ್ರಶ್ನೆಗಳೂ ಹೆಚ್ಚಿರಲಿ. ಅಂಥ ಪ್ರಯೋಗವು ರಾಷ್ಟ್ರೀಯ ನೋಂದಣಿಯಾದ ಸಿಟಿಆರ್‌ಐನಲ್ಲಿ ದಾಖಲಾಗಿರಲೇಬೇಕು. ಊರಿನ ಯಾವ ಹುಡುಗನಾದರೂ ಮೊಬೈಲಿನಲ್ಲಿ ತೆರೆದು ನೋಡಬಹುದು.

ನಮ್ಮ ಭಾಗಕ್ಕೆ ಹತ್ತಿರದ ಇನ್ನೊಂದು ಮಾತು. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳ ವಿವರ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು, ಅಕ್ಷರ ಬಾರದವರಲ್ಲೂ ತಡವಾಗಿತ್ತು. ಗಂಗಾವತಿಯ ಸಂತೆಯಲ್ಲಿ ಕನ್ನಡ, ಉರ್ದು, ಕ್ಯಾಂಪಿನವರ ತೆಲುಗು ಒಂದೇ ಬಾಯಲ್ಲಿ ಬರುತ್ತವೆ. ತಾಂಡಾದ ಅಜ್ಜಿ ಮನೆಯಲ್ಲಿ ಲಂಬಾಣಿ, ಕುಷ್ಟಗಿಯ ಬಜಾರಿನಲ್ಲಿ ಕನ್ನಡ ಆಡುತ್ತಾಳೆ. ಅವಳ ಮಿದುಳಿನಲ್ಲಿರುವ ಉತ್ತರ ಯಾವ ದೂರದೇಶದ ಪ್ರಯೋಗಾಲಯದಲ್ಲೂ ಇಲ್ಲ.

ಮರೆವು ಕಂಡವರು ಮೊದಲು ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ದಾರಿ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯಕ್ಕೆ ಟೆಲಿಮಾನಸ್ 14416, ಎರಡೂ ಉಚಿತ.

ಮತ್ತೆ ಒಪ್ಪಿಗೆಯ ಮಾತಿಗೆ ಬಂದರೆ, ಕಾಯಿಲೆ ಬಲಿತು ತಾವೇ ಅರ್ಥ ಮಾಡಿಕೊಳ್ಳಲಾಗದವರ ಪರವಾಗಿ ಗಂಡ, ಹೆಂಡತಿ ಅಥವಾ ಮಕ್ಕಳು ಸಹಿ ಹಾಕಬಹುದು. ಹಾಗೆ ಹಾಕಿದ ಮೇಲೂ ಸೂಜಿ ಕಂಡು ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡರೆ ಅವತ್ತಿನ ಕೆಲಸ ಅಲ್ಲಿಗೆ ನಿಲ್ಲಬೇಕು. ಎರಡನೇ ವರ್ಷ, ಮೂರನೇ ವರ್ಷ, ಯಾವಾಗ ಬೇಕಾದರೂ "ಇನ್ನ ಸಾಕ್ರಿ" ಎಂದು ಹೊರಬರಬಹುದು. ಕಾರಣ ಹೇಳಬೇಕಿಲ್ಲ, ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆ ಅದರಿಂದ ಕಡಿಮೆಯಾಗುವುದಿಲ್ಲ.