ಹಳೆಯ ಟ್ರ್ಯಾಕ್ಟರುಗಳ ಮೂಲ ಉಪಕರಣಗಳು: ಇಂಚು–ಮಿಲಿಮೀಟರಿನ ಲೆಕ್ಕ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳ ಎರೆಭೂಮಿಯಲ್ಲಿ ದುಡಿದ ಹಳೆಯ ಟ್ರ್ಯಾಕ್ಟರುಗಳು ಕೈಯಿಂದ ಕೈಗೆ ಮಾರಾಟವಾಗುವಾಗ, ಕಾರ್ಖಾನೆಯಿಂದ ಅವುಗಳೊಂದಿಗೆ ಬಂದಿದ್ದ ಟೂಲ್ ಬಾಕ್ಸು ಎಲ್ಲೋ ಉಳಿದುಬಿಡುವುದು ವಾಡಿಕೆ. ಹೊಸ ಮಾಲೀಕನು ಹಾರ್ಡ್‌ವೇರ್ ಅಂಗಡಿಗೆ ಬಂದು “ಟ್ರ್ಯಾಕ್ಟರಿನ ಪಾನಾ ಸೆಟ್ಟು ಕೊಡ್ರಿ” ಎನ್ನುತ್ತಾನೆ. ಯಾವ ಟ್ರ್ಯಾಕ್ಟರೆಂದು ಕೇಳದೆ ಕೊಟ್ಟ ಸೆಟ್ಟು ನಟ್ಟಿನ ಮೂಲೆಗಳನ್ನು ಸವೆಸುತ್ತದೆ. ಆಮೇಲೆ ಉಳಿ, ಸುತ್ತಿಗೆಗಳೇ ಗತಿ. ಬಿತ್ತನೆಯ ದಿನಗಳಲ್ಲಿ ಇದರಿಂದಾಗುವ ನಷ್ಟ ಪಾನಾದ ಬೆಲೆಗಿಂತ ಎಷ್ಟೋ ಹೆಚ್ಚು.

ಭಾರತದಲ್ಲಿ ತಯಾರಾದ ಹಳೆಯ ಟ್ರ್ಯಾಕ್ಟರುಗಳನ್ನು ಸ್ಥೂಲವಾಗಿ ಎರಡು ಮನೆತನಗಳಾಗಿ ವಿಂಗಡಿಸಬಹುದು. 1963ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿಯ ಬಿ-275 ಹಾಗೂ ಮದ್ರಾಸಿನ ಟಾಫೆ ಸಂಸ್ಥೆಯ ಮ್ಯಾಸಿ ಫರ್ಗುಸನ್ 1035 ಬ್ರಿಟಿಷ್ ವಿನ್ಯಾಸದವು. ಇವುಗಳ ಮೂಲ ನಟ್ಟು-ಬೋಲ್ಟುಗಳು ಇಂಚಿನ ಅಳತೆಯವು. 1971ರಲ್ಲಿ ಪಿಂಜೋರ್‌ನಲ್ಲಿ ತಯಾರಿಕೆ ಆರಂಭವಾದ ಎಚ್.ಎಂ.ಟಿ. ಜೆಟರ್ 2511 ಚೆಕೊಸ್ಲೊವಾಕಿಯಾದ ವಿನ್ಯಾಸ. ಅಲ್ಲಿ ಮಿಲಿಮೀಟರಿನ ಲೆಕ್ಕ. ಮೆಟ್ರಿಕ್ ಪದ್ಧತಿಯ ಕಾಯಿದೆ 1956ರಲ್ಲಿಯೇ ಬಂದರೂ ಯಂತ್ರಗಳು ತಮ್ಮ ತವರಿನ ಅಳತೆಯನ್ನು ಬಿಡಲಿಲ್ಲ.

ಕೆಲವು ಅಳತೆಗಳು ಪರಸ್ಪರ ಹೊಂದಿಕೊಳ್ಳುವುದೇ ಗೊಂದಲಕ್ಕೆ ಕಾರಣ. 3/4 ಇಂಚಿನ ನಟ್ಟು 19.05 ಮಿ.ಮೀ. ಇರುವುದರಿಂದ 19ರ ಪಾನಾದಿಂದ ಕೆಲಸ ಸಾಗುತ್ತದೆ. 5/8 ಇಂಚಿಗೆ 16ರ ಪಾನಾ ಸರಿಹೋಗುತ್ತದೆ. ಆದರೆ 9/16 ಇಂಚು ಎಂದರೆ 14.29 ಮಿ.ಮೀ. ಅದಕ್ಕೆ 14 ಹಿಡಿಸುವುದಿಲ್ಲ, 15 ಸಡಿಲವಾಗಿ ಜಾರುತ್ತದೆ. 11/16 ಇಂಚಿನದೂ (17.46 ಮಿ.ಮೀ.) ಇದೇ ಕಥೆ. ಇನ್ನೊಂದು ತೊಡಕು ವಿಟ್‌ವರ್ತ್ ಪಾನಾದ್ದು. ಎ.ಎಫ್. ಪಾನಾದ ಮೇಲಿನ ಅಂಕಿ ನಟ್ಟಿನ ಎದುರುಬದುರು ಮುಖಗಳ ಅಂತರವನ್ನು ಹೇಳಿದರೆ, ವಿಟ್‌ವರ್ತ್ ಪಾನಾದ ಅಂಕಿ ಬೋಲ್ಟಿನ ದಪ್ಪವನ್ನು ಹೇಳುತ್ತದೆ. ಹೀಗಾಗಿ ಅರ್ಧ ಇಂಚಿನ ಎ.ಎಫ್. ಪಾನಾದ ಬಾಯಿ 12.7 ಮಿ.ಮೀ. ಆದರೆ, ಅರ್ಧ ಇಂಚಿನ ವಿಟ್‌ವರ್ತ್ ಪಾನಾದ್ದು ಸುಮಾರು 23.4 ಮಿ.ಮೀ.! ಗುಜರಿಯಲ್ಲಿ ಸಿಕ್ಕ ಹಳೆಯ ಪಾನಾಗಳನ್ನು ಮಾರುವವರು ಇದನ್ನು ತಪ್ಪದೆ ಗಮನಿಸಬೇಕು.

ಉಪಕರಣವೂ ಟ್ರ್ಯಾಕ್ಟರಿನ ವಿನ್ಯಾಸದ ಭಾಗವೆಂದು ತೋರಿಸಿಕೊಟ್ಟವರು ಹ್ಯಾರಿ ಫರ್ಗುಸನ್. 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಅವರ ಟಿ.ಇ.-20 ಟ್ರ್ಯಾಕ್ಟರಿನೊಂದಿಗೆ ಎರಡು ಬಾಯಿಯ ಒಂದು ಪಾನಾ ಕೊಡಲಾಗುತ್ತಿತ್ತು. ಅದರ ಹಿಡಿಕೆಯ ಮೇಲೆ ಇಂಚಿನ ಗುರುತುಗಳಿದ್ದವು. ನೇಗಿಲು, ಕುಂಟೆಗಳ ಹೊಂದಾಣಿಕೆಗೆ ಅದೇ ಪಾನಾ, ಅಳತೆಪಟ್ಟಿಯೂ ಅದೇ. ಇಂದು ಹಳೆಯ ಯಂತ್ರಗಳ ಸಂಗ್ರಾಹಕರು ಅದನ್ನು ಹುಡುಕಿಕೊಂಡು ಕೊಳ್ಳುತ್ತಾರೆ.

ನಮ್ಮಲ್ಲಿ ಟ್ರ್ಯಾಕ್ಟರಿನೊಂದಿಗೆ ಟೂಲ್ಸ್ ಅಲ್ಲದೆ ಟಾಪ್ ಲಿಂಕ್, ಹುಕ್ಕು, ಡ್ರಾಬಾರ್, ಬಂಪರ್, ಮೇಲ್ಛಾವಣಿಗಳನ್ನು ಕೊಡುವ ರೂಢಿಯಿದೆ. ಇವುಗಳಲ್ಲಿ ಸ್ಥಳೀಯ ತಯಾರಕರಿಗೆ ಒಗ್ಗುವ ವಸ್ತುವೆಂದರೆ ಪಿನ್ನು. ಒಂದನೆಯ ವರ್ಗದ ತ್ರಿಬಿಂದು ಜೋಡಣೆಗೆ ಕೆಳಗಿನ ಪಿನ್ನು 22 ಮಿ.ಮೀ., ಟಾಪ್ ಲಿಂಕ್ ಪಿನ್ನು 19 ಮಿ.ಮೀ.; ಎರಡನೆಯ ವರ್ಗಕ್ಕೆ ಕ್ರಮವಾಗಿ ಸುಮಾರು 28 ಮತ್ತು 25 ಮಿ.ಮೀ. ಸಾದಾ ಕಬ್ಬಿಣದ ಸರಳನ್ನು ಕತ್ತರಿಸಿ ಮಾಡಿದ ಪಿನ್ನು ಅಗ್ಗವೇನೋ ಹೌದು. ಆದರೆ ಭಾರ ಬಿದ್ದಾಗ ಬೇಗ ಬಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ತುಂಬಿದ ಟ್ರೇಲರು ಇಳಿಜಾರಿನಲ್ಲಿ ಕಳಚಿಕೊಂಡರೆ ಹಿಂದೆ ಬರುವವರ ಜೀವಕ್ಕೇ ಸಂಚಕಾರ. ಇ.ಎನ್.-8ರಂತಹ ಉಕ್ಕನ್ನು ಬಳಸಿ, ಹದ ಕೊಡಿಸಿ, ಅಳತೆಯನ್ನು ಪಿನ್ನಿನ ತಲೆಯ ಮೇಲೆ ಅಚ್ಚೊತ್ತಿ ಮಾರುವವರು ನಾಲ್ಕು ರೂಪಾಯಿ ಹೆಚ್ಚು ಕೇಳಿದರೂ ತಪ್ಪಿಲ್ಲ.

ಎಚ್.ಎಂ.ಟಿ.ಯ ಪಿಂಜೋರ್ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ನೀಡಿತು. ಅಂದಿನಿಂದ ಅಂತಹ ಟ್ರ್ಯಾಕ್ಟರುಳ್ಳ ರೈತನಿಗೆ ಊರಿನ ಅಂಗಡಿ ಮತ್ತು ಲೇತ್ ಯಂತ್ರದವರೇ ಹೆಚ್ಚಿನ ಆಸರೆ. ಆದರೆ ಹಲವು ದುರಸ್ತಿಗಳನ್ನು ಕಂಡ ಯಂತ್ರದಲ್ಲಿ ಎರಡೂ ಅಳತೆಯ ಬೋಲ್ಟುಗಳು ಬೆರೆತಿರುವುದುಂಟು. ಹೆಸರು, ಮಾಡೆಲ್ ಕೇಳಿದರಷ್ಟೇ ಸಾಲದು. ಗ್ರಾಹಕನಿಗೆ ಹಳೆಯ ಬೋಲ್ಟನ್ನೇ ತರಲು ಹೇಳಿ, ಗಲ್ಲೆಯ ಪಕ್ಕದಲ್ಲಿ ಒಂದು ವರ್ನಿಯರ್ ಹಾಗೂ ಒಂದು ಥ್ರೆಡ್ ಗೇಜ್ ಇಟ್ಟುಕೊಳ್ಳುವುದು ಒಳಿತು.