ತಡೆಯುವವನಿಗೂ ಸರದಿ ಬೇಕಲ್ಲವೆ?

ಹೊಡೆದಾಟದ ವಿಡಿಯೋ ಆಟಗಳನ್ನು ನೀವು ಆಡಿರಬಹುದು, ಇಲ್ಲವೇ ಗೆಳೆಯರು ಆಡುವಾಗ ನೋಡಿರಬಹುದು. ನೋಡುವವರ ಕಣ್ಣು ಹೊಡೆತದ ಮೇಲೆ. ಆಡುವವರ ವಾಗ್ವಾದವೆಲ್ಲ ಅದನ್ನು ತಡೆಯುವ ಬಗೆಯ ಮೇಲೆ.

ಇದರ ಹಿಂದೆ ಒಂದು ಸಣ್ಣ ಲೆಕ್ಕವಿದೆ. ಈ ಆಟಗಳಲ್ಲಿ ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಸರಿಯುತ್ತವೆ. ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು ಕಾಲು ಸೆಕೆಂಡು, ಅಂದರೆ 15 ಫ್ರೇಮ್ ಬೇಕು. 'ಟೆಕ್ಕೆನ್'ನಲ್ಲಿ ವೇಗದ ಗುದ್ದು 10 ಫ್ರೇಮಿಗೇ ತಗಲುತ್ತದೆ. ಅದನ್ನು ನೋಡಿ ತಡೆಯುವುದು ಆಗದ ಮಾತು, ಊಹಿಸಿಯೇ ತಡೆಯಬೇಕು. ನಿಂತು ತಡೆದರೆ ಕಾಲಿಗೆ ಬೀಳುವ ಹೊಡೆತದ ಭಯ, ಕುಳಿತರೆ ನಡುವಿಗೆ ಬೀಳುವ ಹೊಡೆತದ ಭಯ.

1999ರ 'ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್'ನಲ್ಲಿ ಸೊಗಸಾದ ಉಪಾಯವೊಂದಿತ್ತು. ಅದರ ಹೆಸರು ಪ್ಯಾರಿ. ಹೊಡೆತ ತಗಲುವ ಕ್ಷಣಕ್ಕೆ ಸರಿಯಾಗಿ ಎದುರಾಳಿಯ ಕಡೆಗೇ ಜಾಯ್‌ಸ್ಟಿಕ್ ತಳ್ಳಿದರೆ ಹೊಡೆತ ವ್ಯರ್ಥ. ಒಂದಿಷ್ಟು ತಪ್ಪಿದರೂ ಪೆಟ್ಟು ತಪ್ಪಿದ್ದಲ್ಲ! 2004ರಲ್ಲಿ ಕ್ಯಾಲಿಫೋರ್ನಿಯಾದ ಇವೋ ಪಂದ್ಯಾವಳಿಯಲ್ಲಿ ಜಪಾನಿನ ಡೈಗೋ ಉಮೆಹಾರಾ ಸೋಲಿನ ಅಂಚಿನಲ್ಲಿದ್ದರು. ಸಾಧಾರಣವಾಗಿ ತಡೆದರೂ ವಿಶೇಷ ಹೊಡೆತಗಳಿಂದ ಸ್ವಲ್ಪ ಶಕ್ತಿ ಸೋರುತ್ತದೆ. ಅವರಿಗೆ ಅಷ್ಟೂ ಉಳಿದಿರಲಿಲ್ಲ. ಅಮೆರಿಕದ ಜಸ್ಟಿನ್ ವಾಂಗ್ ಹೂಡಿದ ಸರಣಿಯ 15 ಹೊಡೆತಗಳನ್ನೂ ಒಂದೊಂದಾಗಿ ಪ್ಯಾರಿ ಮಾಡಿ, ಮರುಹೊಡೆತದಲ್ಲಿ ಆ ಸುತ್ತನ್ನು ಗೆದ್ದರು.

2024ರಲ್ಲಿ ಬಂದ 'ಟೆಕ್ಕೆನ್ 8' ಬೇರೆ ದಾರಿ ಹಿಡಿಯಿತು. ಅದರಲ್ಲಿ 'ಹೀಟ್' ಎಂಬ ಸ್ಥಿತಿಯುಂಟು. ಆಗ ಹೊಡೆತವನ್ನು ತಡೆದರೂ ಶಕ್ತಿ ಇಳಿಯುತ್ತದೆ. ಹಾಗೆ ಇಳಿದದ್ದನ್ನು ಮರಳಿ ಪಡೆಯಬೇಕಾದರೆ ತಿರುಗಿ ಹೊಡೆಯಬೇಕು. ಇಬ್ಬರೂ ಮೂಲೆ ಹಿಡಿದು ಗಡಿಯಾರ ನೋಡುವ ಆಟ ಯಾರಿಗೆ ಬೇಕು ಎಂದು ಕೆಲವರು ಇದನ್ನು ಮೆಚ್ಚಿದರು. ಆ ಮಾತಿನಲ್ಲಿ ಹುರುಳಿದೆ. ಆದರೆ 2025ರ ಏಪ್ರಿಲ್‌ನ ಬದಲಾವಣೆಗಳು ಹಲವು ಪಾತ್ರಗಳ ಆಕ್ರಮಣವನ್ನು ಮತ್ತಷ್ಟು ಬಲಪಡಿಸಿದಾಗ ವೃತ್ತಿಪರ ಆಟಗಾರರೇ ಬಹಿರಂಗವಾಗಿ ಆಕ್ಷೇಪಿಸಿದರು. ಸರಿಯಾಗಿ ಊಹಿಸಿ ತಡೆದ ಮೇಲೂ ಮುಂದಿನ ಸರದಿ ಹೊಡೆದವನಿಗೇ ಹೋದರೆ, ತಡೆದವನು ಮತ್ತೆ ಊಹಿಸುತ್ತಲೇ ಕೂರಬೇಕು. ದೂರು ಹೊಡೆತದ ಬಲದ ಮೇಲಲ್ಲ, ಸರದಿ ಸಿಗದಿರುವುದರ ಮೇಲೆ ಎಂಬುದನ್ನು ನೀವು ಗಮನಿಸಬೇಕು. ಕೆಲವೇ ವಾರಗಳಲ್ಲಿ ತಯಾರಕರು ತಿದ್ದುಪಡಿಗಳನ್ನು ತಂದರು.