ಉದ್ಘಾಟನೆಗಷ್ಟೇ ಉಳಿದ ಶಾಲಾ ಸಂಘಗಳು

ಪ್ರತಿವರ್ಷ ಜೂನ್ ಕೊನೆಗೋ ಜುಲೈ ಮೊದಲಿಗೋ ನಾಡಿನ ಪ್ರೌಢಶಾಲೆಗಳಲ್ಲಿ ಒಂದು ಸಮಾರಂಭ ನಡೆಯುತ್ತದೆ. ಸಾಹಿತ್ಯ ಸಂಘ, ವಿಜ್ಞಾನ ಸಂಘ, ಕ್ರೀಡಾ ಸಂಘ, ಇಕೋ ಕ್ಲಬ್ ಎಲ್ಲವೂ ಒಂದೇ ವೇದಿಕೆಯಲ್ಲಿ, ಒಂದೇ ದೀಪದಿಂದ, ಒಬ್ಬರೇ ಅತಿಥಿಯ ಕೈಯಿಂದ ಉದ್ಘಾಟನೆಗೊಳ್ಳುತ್ತವೆ. ಫೆಬ್ರುವರಿ ಹೊತ್ತಿಗೆ ಅದೇ ವೇದಿಕೆಯಲ್ಲಿ ಸಮಾರೋಪ. ನಡುವಿನ ಏಳೆಂಟು ತಿಂಗಳುಗಳಲ್ಲಿ ಈ ಸಂಘಗಳು ಎಷ್ಟು ಬಾರಿ ಸಭೆ ಸೇರಿದವು, ಏನನ್ನು ಚರ್ಚಿಸಿದವು, ಯಾವ ಕೆಲಸ ಮುಗಿಸಿದವು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಇದಕ್ಕೆ ನೀತಿಯ ಕೊರತೆ ಕಾರಣವೆನ್ನಲಾಗದು. 1952-53ರ ಮುದಲಿಯಾರ್ ಆಯೋಗವು ಸಹಪಠ್ಯ ಚಟುವಟಿಕೆಗಳನ್ನು ಪ್ರೌಢಶಿಕ್ಷಣದ ಅವಿಭಾಜ್ಯ ಅಂಗವೆಂದೇ ಪರಿಗಣಿಸಿತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೂ ಕಲೆ ಒಂದು ವಿಷಯವಾಗಿರಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆಯೇ ಬೇಡವೆಂದು ಘೋಷಿಸಿತು. ಸಮಗ್ರ ಶಿಕ್ಷಾ ಯೋಜನೆ 2018ರಲ್ಲಿ ಜಾರಿಗೆ ಬಂದಾಗ ಪ್ರೌಢಶಾಲೆಯೊಂದಕ್ಕೆ ಕ್ರೀಡಾ ಸಾಮಗ್ರಿಗಾಗಿಯೇ ವರ್ಷಕ್ಕೆ 25,000 ರೂಪಾಯಿವರೆಗೆ ಅನುದಾನ ನೀಡಲು ಅವಕಾಶ ಕಲ್ಪಿಸಿತು. ಹಣ ಸಾಕಷ್ಟಿದೆ ಎಂದಲ್ಲ. ಆದರೆ ಚೆಂಡು ಕೊಳ್ಳಲು ಹಣ ಕೊಟ್ಟು, ಆಡಲು ವೇಳೆ ಕೊಡದ ವ್ಯವಸ್ಥೆ ನಮ್ಮದು.

ವೇಳೆ ಎಲ್ಲಿ ಹೋಯಿತು ಎಂಬುದು ಎಲ್ಲರಿಗೂ ಗೊತ್ತು. ಎಸ್ಸೆಸ್ಸೆಲ್ಸಿಯ 625 ಅಂಕಗಳ ಸುತ್ತ ಇಡೀ ಪ್ರೌಢಶಾಲೆ ಸುತ್ತುತ್ತಿದೆ. ಫಲಿತಾಂಶ ಪ್ರಕಟವಾದ ದಿನ ಜಿಲ್ಲೆಗಳನ್ನು ಮೇಲಿನಿಂದ ಕೆಳಕ್ಕೆ ಸಾಲಾಗಿ ನಿಲ್ಲಿಸಲಾಗುತ್ತದೆ. ಕೆಳಗೆ ನಿಂತ ಜಿಲ್ಲೆಯ ಅಧಿಕಾರಿಗಳು ಸಮಜಾಯಿಷಿ ಕೊಡಬೇಕಾಗುತ್ತದೆ. ಆ ಒತ್ತಡ ಮುಖ್ಯೋಪಾಧ್ಯಾಯರಿಗೆ, ಅವರಿಂದ ಶಿಕ್ಷಕರಿಗೆ, ಕೊನೆಗೆ ಮಕ್ಕಳಿಗೆ ಇಳಿಯುತ್ತದೆ. ಪರಿಣಾಮವಾಗಿ ಚಿತ್ರಕಲೆಯ ಅವಧಿಯನ್ನು ಗಣಿತ ನುಂಗುತ್ತದೆ, ಆಟದ ಅವಧಿಯನ್ನು ವಿಜ್ಞಾನ ನುಂಗುತ್ತದೆ, ಶಾಲೆ ಬಿಟ್ಟ ಮೇಲಿನ ಸಮಯ ವಿಶೇಷ ತರಗತಿಗೆ ಮೀಸಲಾಗುತ್ತದೆ. ಸರ್ಕಾರಿ ಆಡಳಿತದಲ್ಲಿ ಮೂರು ದಶಕ ಕಳೆದ ನನ್ನಂಥವರಿಗೆ ಇದು ಪರಿಚಿತ ವಿದ್ಯಮಾನ: ಯಾವುದನ್ನು ಅಳೆಯುತ್ತೇವೆಯೋ ಅದು ನಡೆಯುತ್ತದೆ, ಅಳತೆಗೆ ಸಿಗದ್ದು ಕಡತಕ್ಕೆ ಸೇರುತ್ತದೆ. ಸಂಘದ ಚಟುವಟಿಕೆಗೆ ಒಂದು ವರದಿ ಮತ್ತು ಎರಡು ಛಾಯಾಚಿತ್ರ ಸಾಕೆಂದಾದರೆ, ಛಾಯಾಚಿತ್ರಕ್ಕೆ ಬೇಕಾದಷ್ಟೇ ಚಟುವಟಿಕೆ ನಡೆಯುತ್ತದೆ.

‘ಪ್ರತಿಭಾ ಕಾರಂಜಿ ಇದೆಯಲ್ಲ’ ಎಂದು ಕೆಲವರು ಕೇಳಬಹುದು. ಶಾಲೆ, ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಆ ಸ್ಪರ್ಧೆ ಹಳ್ಳಿಯ ಎಷ್ಟೋ ಮಕ್ಕಳಿಗೆ ಮೊದಲ ವೇದಿಕೆಯಾಗಿದೆ. ಅದರ ಮಹತ್ವವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಸ್ಪರ್ಧೆಯ ಸ್ವಭಾವವೇ ಜರಡಿಯದು. ಪ್ರತಿ ಮೆಟ್ಟಿಲಲ್ಲೂ ಅದು ಬಹುಮಂದಿಯನ್ನು ಕೆಳಗೆ ಬಿಟ್ಟು ಕೆಲವರನ್ನು ಮೇಲೆತ್ತುತ್ತದೆ. ನೆರೆಯ ಕೇರಳದಲ್ಲಿ 1957ರಲ್ಲಿ ಆರಂಭವಾದ ಶಾಲಾ ಕಲೋತ್ಸವ ಇಂದು ಬೃಹತ್ ಹಬ್ಬವಾಗಿ ಬೆಳೆದಿದೆ. ಅಲ್ಲಿಯೂ ‘ಕಲಾತಿಲಕಂ’, ‘ಕಲಾಪ್ರತಿಭಾ’ ಎಂಬ ಬಿರುದುಗಳ ಹಿಂದಿನ ಪೈಪೋಟಿ ಮಿತಿಮೀರಿದಾಗ ಅವುಗಳನ್ನು ಕೈಬಿಡಬೇಕಾಯಿತು. ಚೆನ್ನಾಗಿ ಹಾಡುವವನನ್ನು ಗುರುತಿಸುವುದು ಸ್ಪರ್ಧೆಯ ಕೆಲಸ. ಸಾಧಾರಣವಾಗಿ ಹಾಡುವ ನಲವತ್ತು ಮಕ್ಕಳನ್ನು ವರ್ಷವಿಡೀ ಒಟ್ಟಿಗೆ ಹಾಡಿಸುವುದು ಸಂಘದ ಕೆಲಸ. ಮೊದಲನೆಯದನ್ನು ಮಾಡಿ ಎರಡನೆಯದನ್ನೂ ಮಾಡಿದೆವೆಂದು ನಾವು ಭಾವಿಸಿದ್ದೇವೆ.

ಸಂಘದಿಂದ ಮಕ್ಕಳು ಕಲಿಯುವುದಾದರೂ ಏನು? ಹಿಂದೆ ಶಾಲೆಗಳಲ್ಲಿದ್ದ ‘ಸಂಚಯಿಕಾ’ ಯೋಜನೆಯನ್ನು ಹಿರಿಯ ಓದುಗರು ಮರೆತಿರಲಾರರು. ಮಕ್ಕಳೇ ನಡೆಸುತ್ತಿದ್ದ ಪುಟ್ಟ ಉಳಿತಾಯ ಬ್ಯಾಂಕು ಅದು. ಪುಡಿಗಾಸನ್ನು ಜಮಾ ಮಾಡಿಕೊಂಡು, ಪುಸ್ತಕದಲ್ಲಿ ಬರೆದು, ಲೆಕ್ಕ ತಾಳೆ ನೋಡುವ ಹೊಣೆ ವಿದ್ಯಾರ್ಥಿಗಳದೇ ಆಗಿತ್ತು. ಗೋಡೆ ಪತ್ರಿಕೆಗೆ ಲೇಖನ ಆಯುವಾಗ ಗೆಳೆಯನ ಕವಿತೆಯನ್ನು ಬೇಡವೆನ್ನುವ ಕಷ್ಟ, ಚರ್ಚಾಕೂಟದಲ್ಲಿ ತನಗೊಪ್ಪದ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆ, ಚುನಾವಣೆಯಲ್ಲಿ ಸೋತ ಮೇಲೂ ಗೆದ್ದವನೊಡನೆ ಕುರ್ಚಿ ಜೋಡಿಸುವ ದೊಡ್ಡತನ, ಇವಾವುವೂ ಪಠ್ಯಪುಸ್ತಕದಿಂದ ಬರತಕ್ಕವಲ್ಲ.

ಅರ್ಥಶಾಸ್ತ್ರಜ್ಞರಿಗೂ ಇದು ಅಪರಿಚಿತ ವಿಚಾರವೇನಲ್ಲ. 2000ದಲ್ಲಿ ನೊಬೆಲ್ ಪುರಸ್ಕಾರ ಪಡೆದ ಜೇಮ್ಸ್ ಹೆಕ್‌ಮನ್ ಅಮೆರಿಕದಲ್ಲಿ ಪ್ರೌಢಶಾಲೆಯನ್ನು ಅರ್ಧಕ್ಕೆ ಬಿಟ್ಟು, ಬಳಿಕ ತತ್ಸಮಾನ ಪರೀಕ್ಷೆ ಪಾಸು ಮಾಡಿದವರ ಸ್ಥಿತಿಗತಿಯನ್ನು ಪರಿಶೀಲಿಸಿದರು. ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಅವರು ಶಾಲೆ ಮುಗಿಸಿದವರಿಗೆ ಹೆಚ್ಚುಕಡಿಮೆ ಸರಿಸಮನಾಗಿದ್ದರು. ಗಳಿಕೆಯಲ್ಲಿ ಮಾತ್ರ ಹಿಂದುಳಿದಿದ್ದರು. ಹಿಡಿದ ಕೆಲಸ ಬಿಡದ ಛಲ, ಸಮಯಪಾಲನೆ, ಇತರರೊಡನೆ ಹೊಂದಿಕೊಳ್ಳುವ ಗುಣ ಮುಂತಾದ, ಅಂಕಪಟ್ಟಿಗೆ ಸಿಗದ ಸಾಮರ್ಥ್ಯಗಳಲ್ಲಿ ಈ ವ್ಯತ್ಯಾಸದ ಮೂಲವನ್ನು ಹೆಕ್‌ಮನ್ ಕಂಡರು. ಇಟಲಿಯ ಪ್ರಾಂತ್ಯಗಳನ್ನು ಅಧ್ಯಯನ ಮಾಡಿದ ರಾಜಕೀಯ ಶಾಸ್ತ್ರಜ್ಞ ರಾಬರ್ಟ್ ಪುಟ್ನಮ್ 1993ರ ತಮ್ಮ ಕೃತಿಯಲ್ಲಿ, ಗಾಯನ ಸಂಘ ಮತ್ತು ಫುಟ್‌ಬಾಲ್ ಕ್ಲಬ್ಬುಗಳಂಥ ಸಹವಾಸ ಗಟ್ಟಿಯಾಗಿರುವೆಡೆ ಸ್ಥಳೀಯ ಆಡಳಿತವೂ ಚೆನ್ನಾಗಿ ನಡೆಯುತ್ತದೆಂದು ವಾದಿಸಿದರು. ನಮ್ಮ ಬಡಾವಣೆಯ ನಿವಾಸಿಗಳ ಸಂಘಗಳು ಮೂರು ಸಭೆಗಳಲ್ಲೇ ಒಡೆದು ಎರಡಾಗುವುದನ್ನು ಕಂಡವರಿಗೆ ಈ ಮಾತಿನ ಅರ್ಥ ವಿವರಿಸಬೇಕಾಗಿಲ್ಲ.

ಇಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ನಗರದ ಮಧ್ಯಮ ವರ್ಗದ ನಾವು ಶಾಲೆ ಕೊಡದ್ದನ್ನು ಮಾರುಕಟ್ಟೆಯಿಂದ ಕೊಂಡು ತರುತ್ತೇವೆ. ಕೀಬೋರ್ಡ್, ಕರಾಟೆ, ಚೆಸ್, ಬೇಸಿಗೆ ಶಿಬಿರ ಎಲ್ಲಕ್ಕೂ ಶುಲ್ಕ ತೆರುತ್ತೇವೆ. ಹೀಗೆ ಸಾರ್ವಜನಿಕವಾಗಿ ಎಲ್ಲರಿಗೂ ದೊರೆಯಬೇಕಾದದ್ದು ಖಾಸಗಿ ಸರಕಾಗಿ ಮಾರ್ಪಟ್ಟಿದೆ. ಕೂಲಿಕಾರನ ಮಗಳಿಗೆ ಈ ಮಾರುಕಟ್ಟೆಯ ಬಾಗಿಲು ತೆರೆಯದು. ಸಂಜೆಯ ಬಸ್ಸು ತಪ್ಪಿದರೆ ಊರು ಸೇರಲಾಗದವಳು, ಮನೆಗೆ ಹೋದೊಡನೆ ತಮ್ಮನನ್ನು ನೋಡಿಕೊಳ್ಳಬೇಕಾದವಳು ಶಾಲೆ ಬಿಟ್ಟ ಮೇಲೆ ಯಾವ ಸಂಘಕ್ಕೂ ಉಳಿಯಲಾರಳು. ಅವಳ ಪಾಲಿಗೆ ಇರುವುದು ಶಾಲೆಯ ವೇಳೆಯಷ್ಟೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿನ ಸರ್ವಾಂಗೀಣ ಬೆಳವಣಿಗೆಯ ಮಾತನಾಡುತ್ತದಾದರೂ ಎಂಟನೆಯ ತರಗತಿಗೇ ನಿಲ್ಲುತ್ತದೆ. ಒಂಬತ್ತು ಮತ್ತು ಹತ್ತನೆಯ ತರಗತಿಗಳ ಮಕ್ಕಳಿಗೆ ಆ ಆಸರೆಯೂ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ಹೊಸ ಯೋಜನೆ ಬೇಕಿಲ್ಲ, ಹೊಸ ಹೆಸರಿನ ಕ್ಲಬ್ಬಂತೂ ಬೇಡವೇ ಬೇಡ. 2018ರಲ್ಲಿ ಚುನಾವಣಾ ಆಯೋಗ ಮತದಾರರ ಸಾಕ್ಷರತಾ ಕ್ಲಬ್ಬುಗಳನ್ನೂ ಆರಂಭಿಸಿತು. ಇಲಾಖೆಗೊಂದರಂತೆ ಕ್ಲಬ್ಬುಗಳು ಹೆಚ್ಚಿದಷ್ಟೂ ಅದೇ ಮಕ್ಕಳ ಹೆಸರು ಬೇರೆ ಬೇರೆ ಪುಸ್ತಕಗಳಲ್ಲಿ ದಾಖಲಾಗುತ್ತದೆಯೇ ಹೊರತು ಬೇರೇನೂ ಆಗದು. ಶಾಲೆಗೆ ಮೂರೋ ನಾಲ್ಕೋ ಸಂಘಗಳು ಸಾಕು. ವಾರಕ್ಕೊಂದು ಅವಧಿ, ಶಾಲೆಯ ವೇಳೆಯೊಳಗೇ, ಹತ್ತನೆಯ ತರಗತಿಯವರಿಗೂ ಸೇರಿದಂತೆ, ಅವುಗಳಿಗೆ ಮೀಸಲಾಗಿರಬೇಕು. ಹೊಣೆ ಹೊತ್ತ ಶಿಕ್ಷಕರಿಗೆ ಆ ಅವಧಿ ಬೋಧನೆಯ ಅವಧಿಯೆಂದೇ ಗಣನೆಯಾಗಬೇಕು. ಅನುದಾನದಲ್ಲಿ ಸಣ್ಣದೊಂದು ಪಾಲಿನ ಲೆಕ್ಕವನ್ನು ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಮಕ್ಕಳೇ ಬರೆಯಲಿ. ಮುಖ್ಯವಾಗಿ, ಇದಕ್ಕೆ ಅಂಕ ಕೊಡುವ ಗೊಡವೆ ಬೇಡ. ಅಂಕ ಬಂದಲ್ಲಿ ಮನೆಪಾಠವೂ ಹಿಂದೆಯೇ ಬರುತ್ತದೆ.

ಇಷ್ಟರಿಂದ ಫಲಿತಾಂಶ ಕುಸಿದೀತೆಂಬ ಭಯಕ್ಕೆ ಆಧಾರ ಕಾಣದು. ವಾರದಲ್ಲಿ ಒಂದು ಅವಧಿ ಬಿಟ್ಟುಕೊಟ್ಟ ಮಾತ್ರಕ್ಕೆ ಗಣಿತ ಮರೆಯುವುದಾದರೆ ದೋಷ ಇರುವುದು ಉಳಿದ ಅವಧಿಗಳ ಬೋಧನೆಯಲ್ಲಿ. ನಿಯಮಿತತೆಯ ಬಲಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. 1962ರಲ್ಲಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ದಶಕಗಳ ಕಾಲ ವಾರವಾರವೂ ಉಪನ್ಯಾಸ ಏರ್ಪಡಿಸುತ್ತ ವಿಜ್ಞಾನದ ಆಸಕ್ತಿಯನ್ನು ಬೆಳೆಸಿತು. ಅದರ ಹಿಂದಿದ್ದದ್ದು ದೊಡ್ಡ ಬಂಡವಾಳವಲ್ಲ, ಗೊತ್ತಾದ ದಿನ ಗೊತ್ತಾದ ಹೊತ್ತಿಗೆ ಸೇರುವ ಶಿಸ್ತು.

ಮುಂದಿನ ಜೂನ್‌ನಲ್ಲಿ ನಿಮ್ಮ ಊರಿನ ಶಾಲೆಯ ಸಂಘಗಳ ಉದ್ಘಾಟನೆಗೆ ನಿಮ್ಮನ್ನು ಕರೆದರೆ ಅವಶ್ಯವಾಗಿ ಹೋಗಿ. ಆದರೆ ಒಂದು ಷರತ್ತಿರಲಿ. ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ, ಹಾರ ತುರಾಯಿಗಳಿಲ್ಲದೆ ಹೋಗಿ, ಸಂಘದ ಕಾರ್ಯದರ್ಶಿಯಾದ ಹುಡುಗನನ್ನೋ ಹುಡುಗಿಯನ್ನೋ ಕರೆದು, ಹಿಂದಿನ ವಾರದ ಸಭೆಯ ನಡಾವಳಿ ಪುಸ್ತಕ ತೋರಿಸುವಂತೆ ಕೇಳಿ. ಕೇಳುವವರಿದ್ದಾರೆಂದು ತಿಳಿದರೆ ಪುಸ್ತಕ ತಾನಾಗಿಯೇ ತುಂಬತೊಡಗುತ್ತದೆ.